ಸುಳ್ಳು ಫಿಟ್ಸು, ನಿಜವಾದ ಗಡ್ಡೆ

ಬಡವನಹಳ್ಳಿಯ ಟೀ ಅಂಗಡಿ ಮುಂದೆ ನಾನು ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಾಗ ಜನ ಚಪ್ಪಾಳೆ ತಟ್ಟಿದರಂತೆ.

ತಪ್ಪು ಅವರದಲ್ಲ. ಕೊಡಿಗೇನಹಳ್ಳಿ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಫಿಟ್ಸು ಬಂದವನಂತೆ ಬಿದ್ದು, ಸೀಟಿನ ಜೊತೆ ಸೋಡಾವನ್ನೂ ಗಿಟ್ಟಿಸುತ್ತಿದ್ದವನು ನಾನು. ಬಾಯಲ್ಲಿ ನೊರೆ ತರಿಸುವುದರಲ್ಲಿ ನನ್ನನ್ನು ಮೀರಿಸುವವರು ಮಧುಗಿರಿ ತಾಲ್ಲೂಕಿನಲ್ಲೇ ಇಲ್ಲ.

"ಕೈಗೆ ಕಬ್ಬಿಣ ಕೊಡ್ರೋ," ಅಂದರಂತೆ ಯಾರೋ.

"ಕಬ್ಬಿಣ ಯಾಕ್ಲಾ ದಂಡ? ಈ ಮುದ್ಕನ ನಾಟ್ಕ ನಂಗೊತ್ತಿಲ್ವಾ? ಈಗ ಎಬ್ಬಿಸ್ತೀನಿ ನೋಡು," ಎಂದು ನನ್ನ ಗೆಳೆಯ ರಂಗಪ್ಪ ಉರಿಯುವ ಬೀಡಿಯನ್ನು ನನ್ನ ಅಂಗಾಲಿಗೆ ಒತ್ತಿದ.

ಚರ್ಮ ಸುಟ್ಟಿತು. ನಾನು ಏಳಲಿಲ್ಲ.

ಚಪ್ಪಾಳೆ ನಿಂತಿದ್ದು ಆಗ.

ಆಮೇಲೆ ಅರಿವು ಪೂರ್ತಿ ಬರುವ ಮೊದಲೇ ಎದ್ದು, ಕೈಗೆ ಸಿಕ್ಕ ಸೋಡಾ ಬಾಟಲಿಯಿಂದ ರಂಗಪ್ಪನ ಬಾಯಿಗೆ ಬಾರಿಸಿದೆನಂತೆ. ಮುಂದಿನ ಹಲ್ಲು ಹೋದವು. ಬಿಡಿಸಲು ಬಂದವರನ್ನು ಕಚ್ಚಿದೆ, ಒದ್ದೆ. ಕೊನೆಗೆ ಹಗ್ಗ ತಂದು ಕಟ್ಟಿ ಹಾಕಿದರು. ಇದ್ಯಾವುದೂ ನನಗೆ ನೆನಪಿಲ್ಲ. ಎಚ್ಚರಾದಾಗ ಬಾಯಲ್ಲಿ ರಕ್ತದ ರುಚಿಯಿತ್ತು. ನನ್ನದೋ, ಇನ್ನೊಬ್ಬರದೋ ತಿಳಿಯಲಿಲ್ಲ.

ಶಿರಾದಲ್ಲಿ ಟೀಚರ್ ಆಗಿರುವ ಮಗಳು ಸುಜಾತ ಓಡಿ ಬಂದು ಸ್ಕ್ಯಾನ್ ಮಾಡಿಸಿದಳು.

ಬ್ರೈನ್ ಟ್ಯೂಮರ್.

ಬೆಂಗಳೂರಿನಲ್ಲಿ ತಲೆಬುರುಡೆ ಕೊರೆದು ತೆಗೆಯಲು ಆದಷ್ಟು ತೆಗೆದರು. ಉಳಿದದ್ದನ್ನು ರೇಡಿಯೇಷನ್‌ನಿಂದ ಸುಡಬೇಕು ಅಂದರು. ಸಾವಿಗಿಂತ ಇದಕ್ಕೇ ಹೆಚ್ಚು ಹೆದರಿದೆ. ಯಾರನ್ನು ಎಲ್ಲಿ ಹೇಗೆ ಬೇಸ್ತು ಬೀಳಿಸಿದೆ ಎಂಬುದೆಲ್ಲ ಇರುವುದು ಆ ತಲೆಯಲ್ಲಿ. ಅದೇ ಬೂದಿಯಾದರೆ ಉಳಿದ ಮುದುಕ ಯಾರು?

"ಗಡ್ಡೆ ಸುಟ್ರೆ ಸುಡಿ ಡಾಕ್ಟ್ರಮ್ಮ. ನೆನಪು ಸುಡಂಗಿಲ್ಲ. ಆಯ್ತದಾ?"

ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. "ಅಜ್ಜಾ, ಪ್ರಪಂಚದಲ್ಲಿ ರಿಸರ್ಚ್ ಮಾಡೋರೆಲ್ಲ ಈಗ ಇದನ್ನೂ ಕೇಳ್ತಿದಾರೆ. ಗಡ್ಡೆ ಸತ್ರೆ ಸಾಲದು, ಪೇಷೆಂಟಿನ ನೆನಪು ಉಳೀಬೇಕು ಅಂತ. ವಯಸ್ಸಾದೋರಿಗೆ ಕಡಿಮೆ ಸಿಟ್ಟಿಂಗ್ ಸಾಕಾ ಅಂತಾನೂ ನೋಡ್ತಿದಾರೆ. ನೆನಪಿನ ಜಾಗಕ್ಕೆ ಕಿರಣ ಆದಷ್ಟು ಕಡಿಮೆ ಬೀಳೋ ಹಾಗೆ ಪ್ಲಾನ್ ಮಾಡ್ತೀವಿ. ಗ್ಯಾರಂಟಿ ಮಾತ್ರ ಕೇಳ್ಬೇಡಿ."

ನನ್ನೊಬ್ಬನ ತಲೆಗಾಗಿ ಅಮೆರಿಕದವರು, ಜಪಾನಿನವರು ನಿದ್ದೆಗೆಟ್ಟಿದ್ದಾರೆ ಎಂದು ವಾರ್ಡಿನ ತುಂಬ ಕೊಚ್ಚಿಕೊಂಡೆ.

ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಮುಖಕ್ಕೆ ಎಳೆದು ಮಾಸ್ಕ್ ಮಾಡಿದರು. ಮೊದಲ ಸಿಟ್ಟಿಂಗ್‌ನಲ್ಲಿ ಅದನ್ನು ಹಾಕಿ ತಲೆಯನ್ನು ಟೇಬಲ್ಲಿಗೆ ಬಿಗಿದರು. ಉಸಿರು ಕಟ್ಟಿತು. ಟೆಕ್ನೀಷಿಯನ್ನನ ಎದೆಗೆ ಒದ್ದೆ. ಕೊಸರಾಡಿದ್ದಕ್ಕೆ ಕಿವಿಯ ಅಂಚು ಕಿತ್ತು ರಕ್ತ ಸುರಿಯಿತು. ಮೆಷಿನ್ ಶುರುವಾಗಲೇ ಇಲ್ಲ.

ನಾಳೆಯೂ ಹೀಗಾದರೆ ಟ್ರೀಟ್‌ಮೆಂಟ್ ಇಲ್ಲ ಅಂದರು.

ಮರುದಿನ ಬೊಚ್ಚುಬಾಯಿಯ ರಂಗಪ್ಪ ಬಂದ. ಒಳಗೆ ಯಾರನ್ನೂ ಬಿಡುವುದಿಲ್ಲ. ಹೊರಗಿನ ಕೋಣೆಯಿಂದ ಮೈಕಿನಲ್ಲಿ ಮಾತಾಡಲು ಆಸ್ಪತ್ರೆಯವರನ್ನು ಕಾಡಿ ಬೇಡಿ ಒಪ್ಪಿಸಿದ. ಮಾಸ್ಕಿನಡಿ ನಾನು ಕೈ ಮುಷ್ಟಿ ಮಾಡಿಕೊಂಡಿದ್ದಾಗ ಸ್ಪೀಕರ್ ಗುಡುಗಿತು.

"ಲೇ ಈರಾ! ನನ್ ಹಲ್ಲು ಉದುರ್ಸೋವಾಗ ಇದ್ದ ಪೌರುಷ ಎಲ್ಲೋಯ್ತಲಾ? ಜರಡಿ ಕಂಡ್ರೆ ಪುಕ್ಕಲಾ? ಅಳ್ಳಾಡ್ಬ್ಯಾಡ! ಅಳ್ಳಾಡಿದ್ರೆ ಕಿರಣ ನೆನಪಿಗೇ ಬೀಳ್ತದೆ. ಆಮ್ಯಾಕೆ ನನ್ ಬಾಯಿ ಒಡ್ದಿದ್ದು ಯಾರು ಅಂತ ನನ್ನೇ ಕೇಳ್ತೀಯಾ!"

ನಗಲೂ ಆಗದಂತೆ ಮುಖ ಬಿಗಿದಿತ್ತು. ಬದುಕಿನಲ್ಲಿ ಮೊದಲ ಸಲ ಒಬ್ಬನ ತಮಾಷೆಗೆ ತಿರುಗಿ ಕೊಡದೆ ಮಲಗಿದೆ. ಮೆಷಿನ್ ಗುರ್ರೆಂದು ಸುತ್ತಿತು.

ಸಿಟ್ಟಿಂಗ್‌ಗಳು ಮುಗಿದವು. ಕೂದಲು ಹಿಡಿಹಿಡಿಯಾಗಿ ಉದುರಿತು. ಕರುಳು ಕಿತ್ತು ಬರುವಂತೆ ವಾಂತಿಯಾಯಿತು. ಸ್ಟೀರಾಯ್ಡ್ ಮಾತ್ರೆ ತರಿಸಿದ ಸಿಟ್ಟಿಗೆ ಮುದ್ದೆ ತಟ್ಟೆಯನ್ನು ಗೋಡೆಗೆ ಎಸೆದೆ. ಸುಜಾತ ಗೋಡೆ ಒರೆಸಿ, ಇನ್ನೊಂದು ಮುದ್ದೆ ತಂದಿಟ್ಟಳು.

ಮೊನ್ನೆ ಚೆಕಪ್. ಗಡ್ಡೆ ಬೆಳೆದಿಲ್ಲ. ನೆನಪು ಪರೀಕ್ಷಿಸಲು ಡಾಕ್ಟರಮ್ಮ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಕೀಟಲೆ ತಡೆಯಲಾಗಲಿಲ್ಲ.

"ಕುದ್ರೆ, ಕುಂಬಳಕಾಯಿ, ಮೂಲಂಗಿ."

ಸುಜಾತಳ ಮುಖ ಬಿಳಿಚಿಕೊಂಡಿತು.

"ಸುಮ್ಕೆ ಅಂದೆ ಕಣಮ್ಮ. ಹುಣಸೆ. ಆನೆ."

ಅವಳು ನೀರಿನ ಬಾಟಲಿಯಿಂದ ನನ್ನ ಭುಜಕ್ಕೆ ಬಾರಿಸಿದಳು. "ಸಾಕಪ್ಪಾ ನಿನ್ನಾಟ! ಇನ್ನೊಂದು ಹೇಳು."

ಹುಡುಕಿದೆ. ಆ ಜಾಗ ಖಾಲಿ.

"ಇದು ಆಟ ಅಲ್ಲ ಮಗಾ. ಬರ್ತಿಲ್ಲ."

ಅವಳು ನಂಬಿದಳು. ಹೊಡೆದ ಕಡೆಯೇ ಕೈಯಿಟ್ಟು, "ಮೂರನೇ ಪದ ಕೊಡೆ ಅಪ್ಪಾ," ಅಂದಳು.

"ಮೂರರಲ್ಲಿ ಎರಡು, ಪರವಾಗಿಲ್ಲ," ಅಂದರು ಡಾಕ್ಟರಮ್ಮ. "ಮುಂದಿನ ಸ್ಕ್ಯಾನ್ ನೋಡೋಣ."

"ಎರಡ್ಯಾಕೆ? ಕುದ್ರೆ, ಕುಂಬಳಕಾಯಿ, ಮೂಲಂಗಿ ನೀವು ಹೇಳ್ಕೊಟ್ಟಿದ್ದಲ್ಲ. ನನ್ ತಲೇಲೇ ಹುಟ್ಟಿದ್ದು. ಅವ್ನೂ ಸೇರಿಸ್ಕಳಿ."

ಅವರು ಸೇರಿಸಿಕೊಳ್ಳಲಿಲ್ಲ. ಸುಜಾತ ಕಣ್ಣೊರೆಸಿಕೊಂಡು ನಕ್ಕಳು. ಸದ್ಯಕ್ಕೆ ನನಗೆ ಅಷ್ಟು ಸಾಕು.