ಬಾಡಿಗೆ ಬೋರ್ಡಿನ ಬಾಣಂತಿ

ಹೊಂಗೆ ಹೂ ಬಿಟ್ಟಿತೆಂದರೆ ಕಾಡುಗೋಡಿಯ ನಾಗಲಕ್ಷ್ಮಮ್ಮನಿಗೆ ಮನೆಗೆಲಸದ ಮೇಲೆ ಮನಸ್ಸು ನಿಲ್ಲದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಬಾಡಿಗೆ ಮನೆಗಳು. ಉಳಿದದ್ದು ರಸ್ತೆಬದಿಯ ಹೊಂಗೆಮರವೊಂದೇ. ಯುಗಾದಿ ಹತ್ತಿರವಾಯಿತೋ, ಆಕೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತುಬಿಡುವರು. ಮೇಲೆ ಗೊರವಂಕ, ಪಿಕಳಾರಗಳ ಗಲಾಟೆ. ಕೆಳಗೆ ಬೈಕುಗಳ ಸೀಟಿನ ಮೇಲೆಲ್ಲ ಅರಳು ಚೆಲ್ಲಿದಂತೆ ಹೂವು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯದು. "ಮರ ನೋಡ್ತಾ ಕುಂತ್ರೆ ಒಟ್ಟೆ ತುಂಬ್ತದಾ?" ಎಂದು ಗಂಡ ಚಿಕ್ಕಬೈರಪ್ಪ ಗೊಣಗುವರು.

ಆ ವರ್ಷ ಹೂವಿನ ರಸ ಹೀರುವ ಪುಟ್ಟ ಸೂರಕ್ಕಿಯೊಂದು ಹೋಗಿ ಹೋಗಿ, ಗೇಟಿನ ಮೇಲೆ ತೂಗುಹಾಕಿದ್ದ 'ಮನೆ ಬಾಡಿಗೆಗಿದೆ' ಬೋರ್ಡಿನ ಅಡಿಯಂಚಿಗೆ ಗೂಡು ಕಟ್ಟಿತು. ಜೇಡರ ಬಲೆ, ನಾರು, ಒಣಗಿದೆಲೆ. ಕಸ ಅಂಟಿದೆಯೆಂದು ಯಾರೂ ತಿರುಗಿ ನೋಡಲಿಲ್ಲ, ಆಕೆಯೊಬ್ಬರ ಹೊರತು. ಅಷ್ಟರಲ್ಲಿ ಖಾಲಿ ರೂಮಿಗೆ ವನಜಾ ಎಂಬ ನರ್ಸು ಬಂದು ಹಾಲುಕ್ಕಿಸಿದ್ದೂ ಆಯಿತು. ಬೋರ್ಡು ಇಳಿಸಲು ಚಿಕ್ಕಬೈರಪ್ಪ ಸ್ಟೂಲು ತಂದರು. ನಾಗಲಕ್ಷ್ಮಮ್ಮ ಅಡ್ಡ ನಿಂತರು.

"ಮುಟ್ಬೇಡಿ. ಮೊಟ್ಟೆ ಇಕ್ಕೈತೆ."

"ರೂಮು ಓಗಾಯ್ತು ಕಣೇ. ಬೋರ್ಡಿದ್ರೆ ಜನ ಪೋನು ಮಾಡ್ತಾರೆ."

"ಮಾಡ್ಲಿ. ಬಾಣಂತೀನ ಮನೆ ಬಿಡಿಸಿದೋರು ಉದ್ಧಾರ ಆಯ್ತಾರಾ?"

ಬಾಡಿಗೆ ಮನೆಯ ಯಜಮಾನರ ಸ್ಟೂಲು ಒಳಗೆ ಹೋಯಿತು. ಆದರೆ ಬೋರ್ಡಿನಲ್ಲಿದ್ದದ್ದು ಅವರದೇ ಮೊಬೈಲ್ ನಂಬರು. ಉಣ್ಣಲು ಕೂತರೆ ಫೋನು, ಕಣ್ಣು ಹತ್ತಿದರೆ ಫೋನು. "ಇಲ್ಲ ಅಂದ್ನಲ್ಲ ಸಾರ್!" ಎಂದು ಸಿಡುಕಿ ಸಿಡುಕಿ ಗಂಟಲು ಕಟ್ಟಿತು. ನಾಗಲಕ್ಷ್ಮಮ್ಮನಿಗೆ ಅದಾವುದೂ ಕಿವಿಗೆ ಬೀಳದು. ಹೊಲ ಹೋದ ಮೇಲೆ ಆ ಜಾಗದಲ್ಲಿ ಹುಟ್ಟುತ್ತಿರುವ ಮೊದಲ ಜೀವ ಇದು. ಹಾರುವುದನ್ನು ಕಣ್ಣಾರೆ ನೋಡಬೇಕು, ಅದೊಂದೇ ಆಸೆ.

ಮರಿಗಳು ಕೊಕ್ಕು ಹೊರಚಾಚಿದ ವಾರದಲ್ಲೇ ಒಂದು ಸಂಜೆ ಗಾಳಿಮಳೆ ಹೊಡೆಯಿತು. ಗಿರಣಿಗೆ ಹೋಗಿದ್ದ ನಾಗಲಕ್ಷ್ಮಮ್ಮ ಹಿಟ್ಟಿನ ಡಬ್ಬಿ ಎದೆಗವಚಿಕೊಂಡು ಓಡಿ ಬಂದರು. ಹೊಂಗೆಯ ಹೂವೆಲ್ಲ ಚರಂಡಿ ಪಾಲಾಗಿತ್ತು. ಗೂಡೂ ಹೋಯಿತೆಂದುಕೊಂಡರು. ಗೇಟಿಗೆ ಬಂದು ನೋಡಿದರೆ ಸ್ಟೂಲಿನ ಮೇಲೆ ಚಿಕ್ಕಬೈರಪ್ಪ. ಉಟ್ಟ ಪಂಚೆ ತೊಯ್ದು ತೊಪ್ಪೆ. ಒಂದು ಕೈಯಲ್ಲಿ ಗೂಡಿಗೆ ಕೊಡೆ ಹಿಡಿದು, ಇನ್ನೊಂದರಲ್ಲಿ ಬೋರ್ಡು ಹೊಯ್ದಾಡದಂತೆ ಒತ್ತಿಕೊಂಡಿದ್ದರು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಆಕೆ ಡಬ್ಬಿ ಕೆಳಗಿಟ್ಟು ಸ್ಟೂಲನ್ನು ಭದ್ರವಾಗಿ ಹಿಡಿದುಕೊಂಡರು.

ಅದಾದ ಮೇಲೆ ಒಂದು ಬೆಳಿಗ್ಗೆ ತಾಯಿಹಕ್ಕಿ ಕೊಂಬೆಯಲ್ಲಿ ಕೂತು ಒಂದೇ ಸಮನೆ ಕರೆಯತೊಡಗಿತು. ಒಂದು ಮರಿ ಪುರ್ರನೆ ಹೋಯಿತು. ಇನ್ನೊಂದು ಗೂಡಿನ ಬಾಯಲ್ಲಿ ಕೂತು ಮೀನಮೇಷ ಎಣಿಸಿ, ಕೊನೆಗೂ ರೆಕ್ಕೆ ಬಿಚ್ಚಿತು. ನಾಗಲಕ್ಷ್ಮಮ್ಮನಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಗಂಡನ ಫೋನು ಬಡಿದುಕೊಂಡಿತು. ಮಾರತ್ತಹಳ್ಳಿಯಿಂದ ಯಾರೋ ಮನೆ ಕೇಳುತ್ತಿದ್ದರು.

"ರೂಮಿಲ್ಲ ಸಾರ್," ಎಂದರು ಚಿಕ್ಕಬೈರಪ್ಪ. ಆದರೆ ಫೋನು ಇಡಲಿಲ್ಲ. "ಒಸಿ ಇರಿ, ಇರಿ ಸಾರ್... ನಮ್ಮ ಮರಿಗಳು ಈಗ್ತಾನೆ ಆರೋದ್ವು! ಎಲ್ಡೂ ಆರೋದ್ವು!"