ಎಡಗಿವಿಗೆ ಹಿಡಿದ ಗೇರುಬೀಜ

ಕಾರ್ಖಾನೆಯ ಅಕ್ಕನ ಎಡಗಿವಿಯ ಹಾಲೆ ಕಪ್ಪಾಗಿತ್ತು. ಹುಟ್ಟಿನಿಂದ ಬಂದ ಮಚ್ಚೆಯಲ್ಲ. ಗೇರುಬೀಜದ ಚಿಪ್ಪಿನೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಆ ಎಣ್ಣೆ ಹತ್ತಿದ ಕೈಯನ್ನು ದಿನಕ್ಕೆ ಎಷ್ಟೋ ಸಲ ಕಿವಿಯ ಬಳಿಗೆ ಒಯ್ದು ಒಯ್ದು ಆದ ಕಲೆ ಅದು. ಬಲಗಿವಿಯಲ್ಲಿ ಬೆಂಡೋಲೆ, ಎಡಗಿವಿ ಬೋಳು. ಒಂದು ಹಿಡಿ ಬೀಜ ತೆಗೆದು, ಕಣ್ಣು ಮುಚ್ಚಿ, ಕಿವಿಯ ಪಕ್ಕ ಅಲ್ಲಾಡಿಸಿ ಕೇಳುತ್ತಿದ್ದರು. ಒಣಗಿದ ಬೀಜದಲ್ಲಿ ತಿರುಳು ಚಿಪ್ಪನ್ನು ಬಿಟ್ಟು ಗಲಗಲ ಅನ್ನುತ್ತದೆ. ಹಸಿಯಿದ್ದರೆ ಸುಮ್ಮನಿರುತ್ತದೆ. ಇಷ್ಟು ನನಗೂ ಕೇಳಿಸುತ್ತಿತ್ತು. ಅವರಿಗೆ ಅದರಾಚೆಗೂ ಕೇಳಿಸುತ್ತಿತ್ತು: ಇದು ಹಾಲಾಡಿ ಕಡೆಯ ಗುಡ್ಡದ್ದು, ಇದು ಹಡಗಿನಲ್ಲಿ ಬಂದದ್ದು, ಇದು ಹಡಗಿನಲ್ಲಿ ಬಂದು ಬಂದರಿನಲ್ಲಿ ಮಳೆಗೆ ಸಿಕ್ಕಿದ್ದು.

ಅದು ಬಲಗಿವಿ ಎಂದು ಅವರ ಮಗಳು ಹೇಳುತ್ತಾಳೆ. ನನ್ನ ನೆನಪಿನಲ್ಲಿ ಎಡಗಿವಿಯೇ. ಎದುರು ಕೂತು ನೋಡಿದವಳಿಗೆ ಎಡ ಬಲ ಅದಲುಬದಲಾಗಿರಬಹುದು. ಮುಂದೆ ಬರೆಯುವುದನ್ನೂ ಓದುವವರು ಇಷ್ಟೇ ನಂಬಿದರೆ ಸಾಕು.

ನಾವುಂದದಿಂದ ಒಳಗೆ ಹೋಗುವ ರಸ್ತೆಯಲ್ಲಿದ್ದ ಗೇರುಬೀಜದ ಕಾರ್ಖಾನೆಯ ಕಚೇರಿಗೆ ನಾನು ಸೇರಿದ್ದು ೧೯೯೭ರಲ್ಲಿ, ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿದ ಕೂಡಲೇ. ಆಫ್ರಿಕಾದಿಂದ ಬರುವ ಬೀಜದ ಕಾಗದ, ವಿದೇಶಕ್ಕೆ ಹೋಗುವ ತಿರುಳಿನ ಕಾಗದ ಟೈಪು ಮಾಡುವುದು ನನ್ನ ಕೆಲಸ. ಅವರು ಒಳಗಿನ ಹೆಂಗಸರಿಗೆಲ್ಲ ಮೇಸ್ತ್ರಿ. ಎಲ್ಲರಿಗೂ ಅಕ್ಕ, ನನಗೂ ಅಕ್ಕ. ಅವರಿಗೆ ನಾನು ಹೆಣೆ, ಅಂದರೆ ಹುಡುಗಿ. ಬೆಳಿಗ್ಗೆ ಕಚೇರಿಯ ಕಿಟಕಿಗೆ ಬಂದು ಕೇಳುತ್ತಿದ್ದರು: "ಹೆಣೆ, ಇವತ್ತ್ ಎಂತ ಕಾಗ್ದ? ಬಪ್ಪುದಾ, ಹೋಪುದಾ?"

ಬಜೆಟ್ಟಿನ ಮರುದಿನ ಊಟದ ಹೊತ್ತಿಗೆ ನಾನು ಪತ್ರಿಕೆ ಹಿಡಿದು ಒಳಗೆ ಹೋಗಬೇಕಿತ್ತು. ಹೆಂಗಸರೆಲ್ಲ ಚಿನ್ನದ ಸುದ್ದಿ ಕೇಳುತ್ತಿದ್ದರು. ಅಕ್ಕ ಬುತ್ತಿಯಿಂದ ತಲೆ ಎತ್ತದೆ, "ಚಿನ್ನ ಇರ್ಲಿ, ಬೀಜದ ಸುಂಕದ್ ಎಂತ ಬರ್ದಿರ್ ಓದ್" ಅನ್ನುತ್ತಿದ್ದರು.

"ದಿಲ್ಲಿಯೊಳ್ಗೆ ಅಕ್ಕಂಗೊಂದ್ ಕುರ್ಚಿ ಹಾಕಿರಂಬ್ರ್" ಎಂದು ಯಾರೋ ಕಿಚಾಯಿಸಿದರೆ, "ಕುರ್ಚಿ ಬ್ಯಾಡ, ಕೂಕಂಬುಕೆ ಮಣಿ ಸಾಕ್. ಅಷ್ಟ್ ಎತ್ರ ಕೂಕಂಡ್ರೆ ಬೀಜ ಕಾಂತಿಲ್ಲೆ" ಎಂಬ ಉತ್ತರ.

ಓದಿದ್ದು ನಾಲ್ಕನೇ ತರಗತಿ. ಆದರೂ ದೇಶವೊಂದು ಹೇಗೆ ಮುಂದೆ ಬರುತ್ತದೆ ಎಂಬುದನ್ನು ನನಗೆ ಮೊದಲು ಹೇಳಿಕೊಟ್ಟವರು ಅವರು. ಕಾಲೇಜಿನ ಮೂರು ವರ್ಷದಲ್ಲಿ ತಲೆಗೆ ಹೋಗದ್ದು ಒಂದು ಬೀಜದಲ್ಲಿ ಹೋಯಿತು. ಅದನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಇದ್ ಕಾಣ್. ಬೇಯ್ಸುಕೆ ಒಂದ್ ಕೈ, ತಣ್ಸುಕೆ ಒಂದ್ ಕೈ, ಕಟ್ ಮಾಡುಕೆ ಒಂದ್, ಬೋರ್ಮಾದಂಗೆ ಒಣ್ಸುಕೆ ಒಂದ್, ಸಿಪ್ಪಿ ತೆಗುಕೆ ಒಂದ್, ಆರ್ಸುಕೆ ಒಂದ್, ಡಬ್ಬಿಗೆ ತುಂಬುಕೆ ಒಂದ್. ಇದನ್ನ ಹಾಂಗೇ ಮೂಟಿ ಕಟ್ಟಿ ಹಡ್ಗಿಗೆ ಹಾಕ್ರೆ ಮೂಟಿ ಹೊತ್ತವಂಗೆ ಮಾತ್ರ ಕೂಲಿ. ಉಳ್ದ ಕೈ ಎಲ್ಲ ಆ ದೇಶದಂಗೆ ಸುಮ್ನೆ ಕೂಕಂಡಿತ್ತ್."

ಬೀಜವನ್ನು ನನ್ನ ಅಂಗೈಯಿಂದ ವಾಪಸು ತೆಗೆದುಕೊಂಡು, "ನಾವ್ ಉಂಬುದ್ ಅವ್ರ್ ಅನ್ನ, ಹೆಣೆ" ಅಂದರು.

ಆ ಮಾತು ನನಗೆ ಆಗ ವಿಚಿತ್ರವಾಗಿ ಕೇಳಿಸಿತು. ತಿರುಳು ಒಣಗಿಸುವ ಬೋರ್ಮಾ ಒಲೆಯ ಬಿಸಿಯಲ್ಲಿ ಬೆವರುತ್ತ ಕೂಲಿ ಮಾಡುವ ಹೆಂಗಸು ಇನ್ನೊಬ್ಬರ ಅನ್ನ ಉಣ್ಣುತ್ತಿದ್ದೇನೆ ಎನ್ನುವುದೆಂದರೆ ಏನು?

ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿರಬೇಕು. ಹೊರಗಿನಿಂದ ಬರುವ ಬೀಜಕ್ಕೆ ಸುಂಕ ಹಾಕಬೇಕೋ ಬೇಡವೋ ಎಂದು ಕೇಳಲು ದೊಡ್ಡ ಅಧಿಕಾರಿಯೊಬ್ಬರು ಕುಂದಾಪುರಕ್ಕೆ ಬಂದರು. ಗೇರು ಬೆಳೆಯುವವರಿಗೆ ಸುಂಕ ಬೇಕು, ಕಾರ್ಖಾನೆಯವರಿಗೆ ಬೇಡ. ಕೆಲಸದವರ ಪರವಾಗಿ ಸುಂಕ ಬೇಡ ಎನ್ನಲು ನಮ್ಮ ಧಣಿ ಅಕ್ಕನನ್ನು ಜೀಪಿನಲ್ಲಿ ಕರೆತಂದರು, ಅವರ ಮಾತನ್ನು ಇಂಗ್ಲಿಷಿಗೆ ಮಾಡಲು ನನ್ನನ್ನು. ಅಕ್ಕ ಎದ್ದು ನಿಂತು, ಸೆರಗಿನ ಗಂಟು ಬಿಚ್ಚಿ, ಎರಡು ಬೀಜ ಮೇಜಿನ ಮೇಲಿಟ್ಟರು. ಒಂದು ಗುಡ್ಡದ್ದು, ಒಂದು ಹಡಗಿನದ್ದು.

"ಮಾರ್ಚಿಂದ ಮಳಿ ಹಿಡಿವಲ್ಲಿವರಿಗೆ ನಮ್ ಗುಡ್ಡಿ ಬೀಜ ಪೇಟಿಗೆ ಬತ್ತ್. ಅಷ್ಟ್ ದಿನ ಹಡ್ಗಿನ ಬೀಜಕ್ಕೆ ಸುಂಕ ಹಾಕಿ. ಮಳಿ ಹಿಡ್ದ್ ಕೂಡ್ಲೆ ತೆಗೀರಿ. ಬೆಳ್ದವ್ರೂ ಬದ್ಕ್ತ್ರ್, ನಮ್ದೂ ನಡೀತ್ತ್."

ಅಧಿಕಾರಿ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದ್ದು ನನಗೆ ನೆನಪಿದೆ. ಅಲ್ಲಿದ್ದ ಇನ್ನೊಬ್ಬ ಗುಮಾಸ್ತರ ಪ್ರಕಾರ ಅವರು ಪೆನ್ನು ಕೆಳಗಿಟ್ಟದ್ದು ಚಹಾ ಬಂತೆಂದು. ಏನೇ ಇರಲಿ, ಅದರಿಂದ ಏನೂ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ, ಋತುವಿಗೆ ತಕ್ಕಂತೆ ಸುಂಕ ಏರಿಸಿ ಇಳಿಸುವ ಪದ್ಧತಿಯ ಬಗ್ಗೆ ಒಂದು ಪುಸ್ತಕದಲ್ಲಿ ಓದಿದಾಗ ನನಗೆ ಮೇಜಿನ ಮೇಲಿನ ಆ ಎರಡು ಬೀಜ ಕಂಡವು.

ವಾಪಸು ಬರುವಾಗ, ತ್ರಾಸಿ ದಾಟಿದ ಮೇಲೆ ಧಣಿ ಜೀಪಿನ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದರು. "ನಿನ್ನ ಕರ್ಕಂಡ್ ಹೋದ್ದ್ ಸುಂಕ ಬ್ಯಾಡ ಅಂಬುಕೆ ಮರಾಯ್ತಿ" ಅಂದರು.

"ಮುಕ್ಕಾಲ್ ವರ್ಷ ಬ್ಯಾಡ ಅಂದೆ ಅಲ್ದಾ ಧಣಿ?" ಅಂದರು ಅಕ್ಕ. ಧಣಿಗೂ ನಗು ಬಂತು.

ಕೆಲವು ವರ್ಷದ ನಂತರ ದಿಲ್ಲಿಯಿಂದ ಒಂದು ಕಾಗದ ಬಂತು. ಆಫ್ರಿಕಾದ ಪಶ್ಚಿಮ ಕರಾವಳಿಯ ಒಂದು ದೇಶದಿಂದ ಆರು ಹೆಂಗಸರು, ಅವರ ಜೊತೆಗೊಬ್ಬ ಅಧಿಕಾರಿ, ಗೇರುಬೀಜದ ಕೆಲಸ ಕಲಿಯಲು ಬರುತ್ತಾರೆ, ತೋರಿಸಿಕೊಡಿ ಎಂದು. ನಮ್ಮ ಮಳೆಗಾಲದ ಬೀಜ ಹೆಚ್ಚುಕಡಿಮೆ ಎಲ್ಲ ಬರುತ್ತಿದ್ದದ್ದು ಅದೇ ದೇಶದಿಂದ. ಅಲ್ಲಿನ ಸರಕಾರ ಇನ್ನು ಮುಂದೆ ಇಡೀ ಬೀಜ ಹೊರಗೆ ಕಳಿಸುವವರ ಮೇಲೆ ತೆರಿಗೆ ಹಾಕಿ, ತನ್ನ ನೆಲದಲ್ಲೇ ಕಾರ್ಖಾನೆ ತೆರೆಯಲು ಹೊರಟಿತ್ತು. ಅವರು ಕಲಿತರೆ ನಮಗೆ ಹಡಗಿಲ್ಲ. ಹಡಗು ಬಾರದಿದ್ದರೆ ಜೂನಿನಿಂದಾಚೆಗೆ ಒಳಗಿನ ಹೆಂಗಸರಿಗೆ ಕೆಲಸವಿಲ್ಲ. ಸಿಪ್ಪೆ ತೆಗೆಯುವ ಸಾಲಿನಲ್ಲಿ ಅಕ್ಕನ ಮಗಳೂ ಇದ್ದಳು.

ಧಣಿ ಕೆಟ್ಟವರಲ್ಲ. ಮಳೆಗಾಲದಲ್ಲಿ ಒಂದು ದಿನವೂ ಕಾರ್ಖಾನೆ ನಿಲ್ಲಿಸಬಾರದು ಎಂಬ ಹಟದವರು. ನಮ್ಮಿಬ್ಬರನ್ನು ಕರೆದು ಹೇಳಿದರು: "ಬೇಯ್ಸುದ್ ತೋರ್ಸಿ, ಕಟಿಂಗ್ ತೋರ್ಸಿ, ಬೋರ್ಮಾ ತೋರ್ಸಿ. ತಣ್ಸು ಕೋಣಿಗೆ ಬೀಗ ಹಾಕಿತ್ತ್. ಕೇಂಡ್ರೆ ಗೋಡೌನ್ ಅನ್ನಿ."

ಗುಟ್ಟು ಇದ್ದದ್ದು ಅಲ್ಲೇ. ಹಬೆಯಲ್ಲಿ ಬೇಯಿಸಿದ ಬೀಜವನ್ನು ಕೂಡಲೇ ಕತ್ತರಿಸಿದರೆ ತಿರುಳು ಪುಡಿಯಾಗುತ್ತದೆ. ಒಂದಿಡೀ ದಿನ ನೆಲಕ್ಕೆ ಹರಡಿ ತಣಿಸಿದರೆ ಚಿಪ್ಪು ಬಿರುಸಾಗಿ, ತಿರುಳು ಒಳಗೆ ಸಡಿಲವಾಗಿ, ಇಡಿಯಾಗಿ ಹೊರಬರುತ್ತದೆ. ಎಷ್ಟು ತಣಿದರೆ ಸಾಕು ಎನ್ನುವುದು ಬೀಜದಿಂದ ಬೀಜಕ್ಕೆ, ಮಳೆಯಿಂದ ಬಿಸಿಲಿಗೆ ಬೇರೆ. ನಮ್ಮಲ್ಲಿ ಅದನ್ನು ಹೇಳುತ್ತಿದ್ದದ್ದು ಅಕ್ಕನ ಕಿವಿ. ಅರ್ಧ ದಿನಕ್ಕೆ ಬಂದುಹೋಗುವವರಿಗೆ ನಡುವೆ ಒಂದು ದಿನ ಕಾಣೆಯಾಗಿದೆ ಎಂದು ತಿಳಿಯುವುದು ಹೇಗೆ?

ಅವರು ಬಂದರು. ಮಣೆಯ ಮೇಲೆ ಕೂತರು. ಈಗಷ್ಟೇ ಬೆಂದ ಬೀಜ ಅವರ ಮುಂದೆ ಸುರಿದೆವು. ಕತ್ತರಿಸಿದ್ದೆಲ್ಲ ಚೂರು. ಪಕ್ಕದ ಸಾಲಿನಲ್ಲಿ ನಮ್ಮ ಹೆಂಗಸರು ಅದೇ ಯಂತ್ರದಲ್ಲಿ ಇಡೀ ಇಡೀ ತಿರುಳು ತೆಗೆಯುತ್ತಿದ್ದರು, ಹಿಂದಿನ ದಿನದ ಬೀಜದಿಂದ. "ಪಾಪ, ಅವ್ರ್ ಕೈ ಎಂತ ಕಲ್ಲಿಂದಾ?" ಎಂದು ಒಬ್ಬಳು ಸೆರಗಿನೊಳಗೆ ನಕ್ಕಳು. ಬಂದವರು ನಾಚಿಕೆಯಿಂದ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಅವರಲ್ಲಿ ವಯಸ್ಸಾದ ಒಬ್ಬಾಕೆ ಕತ್ತರಿಸುವುದನ್ನು ನಿಲ್ಲಿಸಿದಳು. ರಾಶಿಯಿಂದ ಒಂದು ಬೀಜ ಎತ್ತಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ಅಕ್ಕ ಅದನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ನನ್ನ ನೆನಪಿನಲ್ಲಿ ಕಾರ್ಖಾನೆಯ ಸದ್ದೆಲ್ಲ ನಿಂತಿತ್ತು, ಆದರೆ ಅದು ಸುಳ್ಳಿರಬೇಕು, ಕತ್ತರಿಸುವ ಯಂತ್ರಗಳು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ.

"ಹೆಣೆ, ಅವ್ರಿಗೆ ಹೇಳ್" ಅಂದರು. "ನಿಮ್ ಕೈಯಂಗೆ ತಪ್ಪಿಲ್ಲೆ. ಬೀಜ ಬಿಸಿ ಇತ್ತ್. ಬೇಯ್ಸಿ ಒಂದಿಡೀ ದಿನ ತಣ್ಸ್ಕ್ ಅಂದೇಳಿ ಹೇಳ್."

ಧಣಿ ಬಾಗಿಲಲ್ಲಿ ನಿಂತಿದ್ದರು. ನಾನು ಇಂಗ್ಲಿಷಿನಲ್ಲಿ, "ನಿಮ್ಮ ಕೈ ಚೆನ್ನಾಗಿದೆ, ಅಭ್ಯಾಸವಾದರೆ ಸರಿಹೋಗುತ್ತದೆ ಎನ್ನುತ್ತಾರೆ" ಎಂದೆ. ಅವರ ಅಧಿಕಾರಿ ಅದನ್ನು ಅವರ ಭಾಷೆಗೆ ಮಾಡಿದ. ಆಕೆ ಮರ್ಯಾದೆಗೆ ನಕ್ಕಳು.

ಅಕ್ಕ ಆ ನಗುವನ್ನು ಕಂಡರು. ನನ್ನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಲಿಲ್ಲ. ನೇರ ಹೋಗಿ ಆಕೆಯ ಎದುರು ನೆಲಕ್ಕೆ ಕೂತರು. ಬಿಸಿ ಬೀಜವೊಂದನ್ನು ಆಕೆಯ ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಪಕ್ಕದ ಸಾಲಿನಿಂದ ತಣಿದ ಬೀಜವೊಂದನ್ನು ಎತ್ತಿ ಹಿಡಿದರು. ಗಲಗಲ. ಬಿಸಿ ಬೀಜಗಳನ್ನು ಗೋಣಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿದರು. ಬಲಗೈಯನ್ನು ಮೂಡಣದಿಂದ ಎತ್ತಿ, ತಲೆಯ ಮೇಲಿಂದ ಪಡುವಣಕ್ಕೆ ತಂದು, ಕೆಳಗಿಂದ ಮತ್ತೆ ಮೂಡಣಕ್ಕೆ ಒಯ್ದರು. ಒಂದು ಹಗಲು, ಒಂದು ರಾತ್ರಿ. ಕೊನೆಗೆ ತಣಿದ ಬೀಜವನ್ನು ಯಂತ್ರಕ್ಕಿಟ್ಟು ಆಕೆಯ ಕೈಯಿಂದಲೇ ಒತ್ತಿಸಿದರು. ಇಡೀ ತಿರುಳು ಆಕೆಯ ಅಂಗೈಗೆ ಬಿತ್ತು.

ಒಂದು ಮಾತಿಲ್ಲ. ದೇಶದೇಶಗಳು ಮೇಜಿನ ಸುತ್ತ ಕೂತು ವರ್ಷಗಟ್ಟಲೆ ಮಾತಾಡಿದರೂ ದಾಟಿಸಲಾಗದ್ದನ್ನು ಒಂದು ತೋಳಿನ ಸುತ್ತಿನಲ್ಲಿ ದಾಟಿಸಿಬಿಟ್ಟರು. ಅಷ್ಟು ದೊಡ್ಡದನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಮರುದಿನದಿಂದ ಅಕ್ಕ ಮೇಸ್ತ್ರಿಯಲ್ಲ. ಮಗಳ ಪಕ್ಕದಲ್ಲಿ ಸಿಪ್ಪೆ ತೆಗೆಯಲು ಕೂತರು. ಊಟದ ಹೊತ್ತಿಗೆ ಅವರ ಹತ್ತಿರ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ. "ನಮ್ ಮಳಿಗಾಲ್ದ ಗಂಜಿ ಬಟ್ಲ್ ಎತ್ತಿ ಕೊಟ್ಳಲೆ ನಿನ್ ಅಬ್ಬಿ" ಎಂದು ಹೆಂಗಸರು ಮಗಳಿಗೆ ಕೇಳಿಸುವಂತೆ ಅನ್ನುತ್ತಿದ್ದರು. ಮಗಳು ತಾಯಿಯ ಪರವಾಗಿ ಒಂದು ಮಾತೂ ಆಡುತ್ತಿರಲಿಲ್ಲ.

ಯಾಕೆ ಹಾಗೆ ಮಾಡಿದಿರಿ ಎಂದು ನಾನು ಕೇಳಿದೆ.

"ಅವ್ರ್ ಇವತ್ತಲ್ದಿದ್ರೆ ನಾಳೆ ಕಲ್ತ್ರ್. ಬೀಗ ಹಾಕ್ರೆ ಎರಡ್ ವರ್ಷ ಮುಂದ್ ಹೋತ್ತ್, ಅಷ್ಟೇ. ಆ ಎರಡ್ ವರ್ಷದಂಗೆ ನಾವ್ ಎಂತ ಮಾಡುದ್ ಅಂದೇಳಿ ಯಾರಾರೂ ಕೇಂಡ್ರಾ? ಗುಡ್ಡಿ ಬೋಳ್ ಬಿದ್ದಿತ್ತ್. ಗಿಡ ನೆಡ್ಕ್." ಕೈಯಲ್ಲಿದ್ದ ಸಿಪ್ಪೆ ಕೊಡವಿ, "ಮತ್ತೆ, ಅವ್ಳ್ ಬೀಜ ಕಿವಿಗ್ ಹಿಡ್ದ್ ಕೇಂಡ್ಳ್, ಹೆಣೆ" ಅಂದರು.

ಆ ಮಳೆಗಾಲಕ್ಕೆ ಬ್ರಹ್ಮಾವರದ ಕಡೆಯಿಂದ ಕಸಿ ಗೇರುಗಿಡ ತರಿಸಿ, ಮನೆಮನೆ ತಿರುಗಿ ಕೊಟ್ಟರು. ಕೆಲವರು ತೆಗೆದುಕೊಂಡರು. ಕೆಲವರು ಅಂಗಳದಿಂದಲೇ ವಾಪಸು ಕಳಿಸಿದರು.

ಇಲ್ಲಿಗೆ ಕಥೆ ಅವರ ಕಡೆ ತಿರುಗಿ ಎಲ್ಲ ಸರಿಹೋಯಿತು ಎಂದು ಬರೆಯುವಂತಿಲ್ಲ. ಹಡಗುಗಳು ವರ್ಷದಿಂದ ವರ್ಷಕ್ಕೆ ವಿರಳವಾದವು. ಎಲ್ಲದಕ್ಕೂ ಅಕ್ಕನೇ ಕಾರಣವಲ್ಲ, ಬೇರೆ ದೇಶಗಳೂ ಬೀಜಕ್ಕೆ ಮುಗಿಬಿದ್ದಿದ್ದವು, ತಾವೇ ಕತ್ತರಿಸುವ ಹೊಸ ಯಂತ್ರಗಳು ಬಂದಿದ್ದವು. ಆದರೆ ಕಾರ್ಖಾನೆ ಮಳೆಗಾಲದಲ್ಲಿ ಮೊದಲ ಸಲ ಮುಚ್ಚಿದಾಗ ಎಲ್ಲರೂ ತಿರುಗಿ ನೋಡಿದ್ದು ಅವರನ್ನೇ. ಗುಡ್ಡದ ಗಿಡಗಳು ಬೀಜ ಬಿಟ್ಟವು, ನಿಜ. ಅದು ಬೇಸಗೆಗೆ ಸಾಕಾಯಿತು. ಮಳೆಗಾಲ ತುಂಬುವಷ್ಟಾಗಲಿಲ್ಲ. ಮಗಳ ಜೂನ್ ತಿಂಗಳುಗಳು ಖಾಲಿಯಾದವು.

ಅಕ್ಕ ಹಾಸಿಗೆ ಹಿಡಿದ ವರ್ಷ ನಾನು ಮಂಗಳೂರಿನ ಅಂಗಡಿಯೊಂದರಲ್ಲಿ ಗೋಡಂಬಿಯ ಪ್ಯಾಕೆಟ್ಟಿನ ಮೇಲೆ ಆ ದೇಶದ ಹೆಸರು ಕಂಡೆ. ಕೊಂಡು ನಾವುಂದಕ್ಕೆ ಹೋದೆ. ಅಕ್ಕನಿಗೆ ಆಗ ಕಣ್ಣು ಮಂಜು. ತಟ್ಟೆಗೆ ಸುರಿದ ಬೀಜಗಳ ಮೇಲೆ ಬೆರಳಾಡಿಸಿದರು.

"ನಮ್ದಲ್ಲ" ಅಂದರು.

"ಅಲ್ಲ ಅಕ್ಕ. ಅಲ್ಲೇ ಮಾಡಿದ್ದು."

ಒಂದೊಂದಾಗಿ ಮುಟ್ಟಿದರು. ಒಂದೂ ಒಡೆದಿರಲಿಲ್ಲ. "ತಣ್ಸಿರ್" ಅಂದರು.

ಅಂದು ನಾನು ತಪ್ಪು ಅನುವಾದ ಮಾಡಿದ್ದನ್ನು ಆಗ ಹೇಳಿದೆ. ಅದೊಂದೇ ನಾನು ಹೇಳಲೆಂದು ಹೋದದ್ದು.

"ನೀನ್ ಎಂತ ಹೇಳ್ದೆ ಅಂದೇಳಿ ನಂಗ್ ಗೊತ್ತಾಯ್ಲೆ" ಅಂದರು. "ಅವ್ಳ್ ನಗಾಡ್ಳ್. ನಾನ್ ಹೇಳದ್ದ್ ನಗಾಡು ಮಾತಲ್ಲ. ಅಷ್ಟ್ ಗೊತ್ತಾಯ್ತ್." ಬೈಯಲಿಲ್ಲ. ಒಂದು ತಿರುಳನ್ನು ಎರಡು ಹೋಳು ಮಾಡಿ, ಅರ್ಧ ತಾವು ಬಾಯಿಗಿಟ್ಟು, ಇನ್ನರ್ಧವನ್ನು ಮಗಳ ಕಡೆ ಚಾಚಿದರು.

"ನಂಗ್ ಬ್ಯಾಡ" ಅಂದಳು ಮಗಳು. "ನನ್ ಮಳಿಗಾಲ ಇಪ್ಪುದ್ ಅದ್ರೊಳ್ಗೆ."

"ಹೌದ್" ಅಂದರು ಅಕ್ಕ. ಕೈ ಹಿಂದಕ್ಕೆ ತೆಗೆಯಲಿಲ್ಲ.

ಆ ಅರ್ಧ ಬೀಜವನ್ನು ಕೊನೆಗೆ ಯಾರು ತಿಂದರು ಎಂಬುದು ನನಗೆ ನೆನಪಿಲ್ಲ. ಮಗಳು ತಿಂದಳು ಎಂದು ಬರೆದರೆ ಚೆನ್ನಾಗಿರುತ್ತದೆ. ಅದಕ್ಕೇ ಬರೆಯುವುದಿಲ್ಲ. ಮಳೆ ಹಿಡಿಯುವ ಮೊದಲೇ ಅಕ್ಕ ತೀರಿಕೊಂಡರು.

ಮುಂದಿನ ವರ್ಷ ಏಪ್ರಿಲಿನಲ್ಲಿ ಆ ಮನೆಯ ದಾರಿಯಲ್ಲಿ ಹೋದೆ. ಹಿಂದಿನ ಗುಡ್ಡದಲ್ಲಿ ಅಕ್ಕ ನೆಟ್ಟ ಗೇರುಮರಗಳ ಕೆಳಗೆ ಮಗಳು ಬೀಜ ಹೆಕ್ಕಿ, ಅಂಗಳದಲ್ಲಿ ಒಣಗಲು ಹಾಕಿದ್ದಳು. ಕೊಳ್ಳುವವನ ಟೆಂಪೊ ಗೇಟಿನ ಹೊರಗೆ ಕಾಯುತ್ತಿತ್ತು. "ತುಂಬ್ಸಿ ಅಕ್ಕ, ಹೊತ್ತಾಯ್ತ್" ಎಂದು ಅವನು ಅವಸರ ಮಾಡುತ್ತಿದ್ದ. ಅವಳು ಒಂದು ಹಿಡಿ ಬೀಜ ಎತ್ತಿ, ಕಣ್ಣು ಮುಚ್ಚಿ, ಕಿವಿಗೆ ಹಿಡಿದು ಅಲ್ಲಾಡಿಸಿದಳು. ಇದನ್ನು ಮಾತ್ರ ನಾನು ಹತ್ತಿರದಿಂದ, ಸರಿಯಾಗಿ ನೋಡಿದ್ದೇನೆ. ಬಲಗಿವಿಗೆ.

"ಇನ್ನೊಂದ್ ಬಿಸ್ಲ್ ಬೇಕ್" ಎಂದು ಅವನಿಗೆ ಹೇಳಿ, ಬೀಜಗಳನ್ನು ಮತ್ತೆ ಚಾಪೆಗೆ ಹರಡಿದಳು.