ದೊಡ್ಡವ್ವ ಮುಗಿಸಿದ ಕಂಬಳಿ

ಮೊನ್ನೆ ಘೋಡಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾವುದೋ ಅಂಗಳದಿಂದ ಹುಣಸೆಬೀಜ ಕುದಿಯುವ ವಾಸನೆ ಬಂತು. ಹುಳಿಯೂ ಅಲ್ಲ, ಸುಟ್ಟದ್ದೂ ಅಲ್ಲ... ಉಣ್ಣೆಯ ನೂಲಿಗೆ ಬಳಿಯುವ ಗಂಜಿಯದು. ಕುಲಗೋಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು.

ದೊಡ್ಡವ್ವ ಕುರಿಯ ಉಣ್ಣೆ ನೂಲುತ್ತಿದ್ದಳು, ಗಂಡ ಕಂಬಳಿ ನೇಯುತ್ತಿದ್ದ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಆ ಕುಣಿಗೆ ಹೆಂಗಸು ಇಳಿಯಬಾರದೆಂಬುದು ಅವರ ಮನೆತನದ ಕಟ್ಟಳೆ. ಯಾರು ಮಾಡಿದರೋ, ಯಾಕೆ ಮಾಡಿದರೋ... ಕೇಳಿದರೆ ‘ಹಿಂದಿನಿಂದ ಬಂದದ್ದು’ ಎನ್ನುತ್ತಿದ್ದರು. ಆ ಮಾತಿಗೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಗಂಡ ತೀರಿಕೊಂಡಾಗ ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಇತ್ತು. ದಿನಕರ್ಮ ಮುಗಿದ ಮೇಲೆ, ಅದನ್ನು ಕತ್ತರಿಸಿ ಮಗ್ಗ ಬಿಚ್ಚಲು ಮೈದುನ ಬಂದ. ದೊಡ್ಡವ್ವ ಸೀರೆ ಎತ್ತಿ ಕಟ್ಟಿ, ಅವನ ಕಣ್ಣೆದುರೇ ಕುಣಿಗೆ ಇಳಿದಳು.

“ನೂಲು ನಂದು, ಗಂಜಿ ನಂದು. ಕುಣಿ ಅಷ್ಟ ಯಾಕ ನಿಮ್ದು?”

ಮೈದುನ ಬಾಯಿ ಮುಚ್ಚಿಕೊಂಡು ಹೋದ. ಊರು ಮುಚ್ಚಿಕೊಳ್ಳಲಿಲ್ಲ.

ಆ ಕಂಬಳಿಯನ್ನು ದೊಡ್ಡವ್ವ ತಾನೇ ನೇಯ್ದು ಮುಗಿಸಿ ನನ್ನ ಮದುವೆಗೆ ಕೊಟ್ಟಳು. ನಮ್ಮಲ್ಲಿ ಕಂಬಳಿ ಹಾಸಿ ಅದರ ಮೇಲೆ ವಧೂವರರನ್ನು ಕೂರಿಸುತ್ತಾರೆ. ಹೆಂಗಸು ನೇಯ್ದದ್ದು, ಅದೂ ಗಂಡ ಸತ್ತವಳು ನೇಯ್ದದ್ದು ಬೇಡವೆಂದು ಹಿರಿಯರೊಬ್ಬರು ತಕರಾರು ತೆಗೆದರು. ಆಮೇಲೆ ದೊಡ್ಡ ಮನಸ್ಸು ಮಾಡಿ ತಾವೇ ದಾರಿಯನ್ನೂ ಹೇಳಿದರು.

“ಗಂಡ ನೇಯ್ದ ಅರ್ಧ ಮ್ಯಾಲ ಬರಲಿ, ಈಕಿದನ್ನ ಮಡಚಿ ಕೆಳಗ ಹಾಕ್ರಿ. ಎಲ್ಲಿ ತನಕ ಅವಂದು, ಹೇಳವಾ.”

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. “ಗಂಡಸರ ಕೈ ಬ್ಯಾರೆ ಅಂತೀರಲ್ರಿ, ಹುಡುಕ್ರಿ” ಎಂದಳು.

ಹಿರಿಯರು ಬೆರಳಾಡಿಸಿದರು, ಬೆಳಕಿಗೆ ಹಿಡಿದರು, ತಿರುವಿ ನೋಡಿದರು, ಮತ್ತೊಬ್ಬರನ್ನು ಕರೆದರು. ಅಕ್ಷತೆ ಹಿಡಿದ ಜನ ಬೆವರುತ್ತ ನಿಂತಿತ್ತು. ಒಂದು ಕೈ ನಿಂತು ಇನ್ನೊಂದು ಕೈ ಶುರುವಾದ ಜಾಗ ಯಾರಿಗೂ ಸಿಗಲಿಲ್ಲ. ಕೊನೆಗೆ ನಾನೇ ಕಂಬಳಿ ಕಸಿದು, ಪೂರ್ತಿ ಬಿಡಿಸಿ ಹಾಸಿ ಕೂತೆ. ಮದುಮಗಳಿಗೆ ಇಷ್ಟು ಧೈರ್ಯ ಇರಬಾರದಂತೆ. ಇರಲಿ.

ಈಗ ದೊಡ್ಡವ್ವ ಇಲ್ಲ. ಕುಣಿಗೆ ಮಣ್ಣು ತುಂಬಿ ಫರಸಿಕಲ್ಲು ಹಾಸಿದ್ದಾರೆ. ಹೆಂಗಸು ಇಳಿಯಬಾರದೆಂದವರ ಮನೆಗಳಲ್ಲಿ ಈಗ ಗಂಡಸರೂ ಇಳಿಯುವುದಿಲ್ಲ.

ಕಳೆದ ವಾರ ಅದೇ ಹಿರಿಯರ ಮೊಮ್ಮಗನ ಮದುವೆ. ಗೋಕಾಕದ ಅಂಗಡಿಯಿಂದ ತಂದ ಯಂತ್ರದ ಕಂಬಳಿ ಹಾಸಿದ್ದರು. ಯಾರು ನೇಯ್ದದ್ದೆಂದು ಯಾರೂ ಕೇಳಲಿಲ್ಲ. ನಾನು ಕೇಳಿದೆ.